ಕೆಳಗಿಳಿದವರ ಲೆಕ್ಕ



ಇದು ಉದ್ದದ ಪೋಸ್ಟು. ಪುರುಸೊತ್ತಿದ್ದಾಗ ಓದಿ. ವಿಷಯ ಕಣ ಭೌತಶಾಸ್ತ್ರ. ನಿನ್ನೆ ಮೊನ್ನೆವರೆಗೆ ಪಿಟಿಸಿಎಲ್ ಜಮೀನು, ಸ್ಮಶಾನದ ಜಾಗ, ಹಾಸ್ಟೆಲ್ ಊಟ ಅಂತ ಬರೀತಿದ್ದೋನಿಗೆ ಇದೇನು ಬಂತು ಅಂತ ಕೇಳಬೇಡಿ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಡಿಸೆಂಬರ್ 6ಕ್ಕೆ ಬಾಬಾಸಾಹೇಬರ ಪರಿನಿಬ್ಬಾಣದ ಕಾರ್ಯಕ್ರಮಕ್ಕೆ ಕೆಜಿಎಫ್‌ಗೆ ಹೋಗಿದ್ದೆ. ನನ್ನ ಹೆಂಡತಿಯ ತವರು ಅದೇ. ರಾತ್ರಿ ಮಾವನ ಮನೆಯಲ್ಲೇ ಉಳಿದೆವು. ಗಣಿ ಕಾರ್ಮಿಕರ ಲೈನ್ ಮನೆ, ಒಂದಕ್ಕೊಂದು ಗೋಡೆ ಅಂಟಿಕೊಂಡಿರೋದು. ಮಾವ 1971ರಲ್ಲಿ ಗಣಿಗೆ ಸೇರಿದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ದಿನದವರೆಗೂ ಕೆಳಗಿಳಿದವರು. ಊಟ ಆದಮೇಲೆ ನನ್ನ ಮಗಳು ಫೋನ್ ಹಿಡಿದು ತಾತನ ಪಕ್ಕ ಕೂತಳು. ಅವಳು ಸೆಕೆಂಡ್ ಪಿಯುಸಿ, ಸೈನ್ಸು. ಚೀನಾದಲ್ಲಿ ನೆಲದ ಕೆಳಗೆ ಕಟ್ಟಿರೋ ಪ್ರಯೋಗಶಾಲೆಯ ಫೋಟೋ ತೋರಿಸ್ತಿದ್ದಳು. ಹತ್ತು ಅಂತಸ್ತಿಗಿಂತ ಎತ್ತರದ ಒಂದು ಪಾರದರ್ಶಕ ಗೋಳ, ಅದರ ಸುತ್ತ ಬಲ್ಬಿನ ಥರದ ಸಾವಿರಾರು ಕೊಳವೆಗಳು.

ಮಾವ ಕನ್ನಡಕ ಹಣೆಗೇರಿಸಿ, ಫೋನನ್ನ ಮೂಗಿನ ಹತ್ತಿರ ತಂದು ನೋಡಿದರು. "ಇದು ನ್ಯೂಟ್ರಿನೋದಾ?" ಅಂದರು.

ನಾನು ಬೆಚ್ಚಿಬಿದ್ದೆ. "ನಿಮಗೆ ಹೆಂಗೆ ಗೊತ್ತು ಮಾವ?"

"ಹೆಂಗೆ ಅಂದ್ರೆ? ನಮ್ಮ ಗಣೀಲೇ ಇತ್ತಲ್ಲ ಮಾಪ್ಳೆ. ನಮ್ಮಪ್ಪನ ಕಾಲದಿಂದಾನೂ ಬಾಂಬೆ ಸೈನ್ಸ್‌ನೋರು ಬರೋರು. ಜಪಾನಿನೋರೂ ಇದ್ರು. ಕಬ್ಬಿಣ ಇಳಿಸಿದ್ದು ನಾವೇ."

ಮದುವೆಯಾಗಿ ಹತ್ತೊಂಬತ್ತು ವರ್ಷ. ಈ ಮಾತು ಒಂದು ದಿನವೂ ಬಂದಿರಲಿಲ್ಲ. ಅವರು ಹೇಳಲಿಲ್ಲ ಅನ್ನೋದಕ್ಕಿಂತ ನಾನು ಕೇಳಲಿಲ್ಲ ಅನ್ನೋದು ಸರಿ. ಗಣಿ ಅಂದರೆ ನಾನು ಕೇಳ್ತಿದ್ದದ್ದು ಸಂಬಳ, ಸಂಘ, ಮುಷ್ಕರ, ಧೂಳು ಕೆಮ್ಮು. ನಮ್ಮವರ ಬಗ್ಗೆ ನಾವೇ ಕೇಳೋ ಪ್ರಶ್ನೆಗಳೂ ಅಷ್ಟಕ್ಕೇ ನಿಂತುಬಿಟ್ಟಿವೆ.

ಊರಿಗೆ ಬಂದಮೇಲೆ ದಿನಾ ಆಫೀಸು ಮುಗಿಸಿ ಕೂತು ಓದಿದೆ. ಗೊತ್ತಾಗದ್ದನ್ನ ಫಿಸಿಕ್ಸ್ ಪಾಠ ಮಾಡೋ ಗೆಳೆಯನೊಬ್ಬನಿಗೆ ಫೋನ್ ಮಾಡಿ ತಲೆ ತಿಂದೆ. ನನ್ನದು ಬಿಎ. ಹತ್ತನೇ ಕ್ಲಾಸಲ್ಲಿ ವಿಜ್ಞಾನಕ್ಕೆ 71 ಬಂದಿತ್ತು. ಪಿಯುಸಿಗೆ ಸೈನ್ಸ್ ಬರೆದುಕೊಟ್ಟ ಅರ್ಜಿಯನ್ನ ಕಾಲೇಜಿನ ಮೇಷ್ಟ್ರೊಬ್ಬರು ನೋಡಿ, ಜಾತಿ ಸರ್ಟಿಫಿಕೇಟನ್ನೂ ನೋಡಿ, "ಸುಮ್ನೆ ಫೇಲಾಗ್ತೀಯ, ಆರ್ಟ್ಸ್ ತಗೋ, ಬೇಗ ಕೆಲಸ ಸಿಗುತ್ತೆ" ಅಂತ ಅವರೇ ಪೆನ್ನಲ್ಲಿ ಹೊಡೆದು ಬದಲಾಯಿಸಿದರು. ಕೆಲಸ ಸಿಕ್ಕಿತು, ಸುಳ್ಳಲ್ಲ. ಆದರೆ ಆ ಪೆನ್ನಿನ ಗೀಟು ಮೂವತ್ತು ವರ್ಷ ಆದರೂ ಕಣ್ಣಮುಂದಿದೆ. ಅದಕ್ಕೇ ಇದನ್ನ ಬರೀತಿದ್ದೀನಿ ಅಂತಲೂ ಇಟ್ಟುಕೊಳ್ಳಿ.

ಈಗ ವಿಷಯ.

ನ್ಯೂಟ್ರಿನೋ ಅಂದರೆ ಒಂದು ಮೂಲಕಣ. ಎಲೆಕ್ಟ್ರಾನ್ ಇದೆಯಲ್ಲ, ಕರೆಂಟಿನಲ್ಲಿ ಹರಿಯೋದು, ಅದರ ಸಂಬಂಧಿಕ. ಆದರೆ ಇದಕ್ಕೆ ವಿದ್ಯುದಾವೇಶ ಇಲ್ಲ, ತೂಕ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. 1930ರಲ್ಲಿ ಪೌಲಿ ಅನ್ನೋ ವಿಜ್ಞಾನಿ ಲೆಕ್ಕ ತಾಳೆಯಾಗಲಿಲ್ಲ ಅಂತ ಇಂಥದ್ದೊಂದು ಇರಬೇಕು ಎಂದು ಊಹಿಸಿದರು. ಕೈಗೆ ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಒಂದು ಅಣು ರಿಯಾಕ್ಟರಿನ ಪಕ್ಕ. ಸೂರ್ಯನಿಂದಲೇ ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋಗಳು ಹಾದು ಹೋಗ್ತಿವೆ. ರಾತ್ರಿಯೂ ಹೋಗ್ತವೆ, ಇಡೀ ಭೂಮಿ ತೂರಿಕೊಂಡು ಕಾಲ ಕೆಳಗಿಂದ ಬರ್ತವೆ. ನಮ್ಮ ಮೈಯೊಳಗಿನ ಪೊಟ್ಯಾಸಿಯಂನಿಂದಲೂ ಸೆಕೆಂಡಿಗೆ ಸಾವಿರಾರು ಹುಟ್ಟಿ ಹೊರಗೆ ಹೋಗ್ತವೆ. ಮಠಾಧೀಶರ ಮೈಯಿಂದಲೂ ಅಷ್ಟೇ, ಪೌರಕಾರ್ಮಿಕರ ಮೈಯಿಂದಲೂ ಅಷ್ಟೇ.

ಇವು ಯಾವುದನ್ನೂ ಮುಟ್ಟೋದಿಲ್ಲ. ಕೋಟಿ ಕೋಟಿಯಲ್ಲಿ ಒಂದು ಎಲ್ಲೋ ಒಂದು ಅಣುವಿಗೆ ಬಡಿಯುತ್ತೆ, ಅಷ್ಟೇ. ಇದನ್ನ ನಮ್ಮ ಗುಂಪಿನ ಒಬ್ಬ ಗೆಳೆಯನಿಗೆ ಹೇಳಿದೆ. "ಹಂಗಾದ್ರೆ ಕಣಗಳಲ್ಲಿ ಅದು ದಲಿತ ಅನ್ನು, ಮುಟ್ಟಿಸಿಕೊಳ್ಳದ ಕಣ" ಅಂದ. ಅವನ ಮೇಲೆ ಪ್ರೀತಿ ಇದೆ, ಆದರೂ ಒಪ್ಪಲಿಲ್ಲ. ನ್ಯೂಟ್ರಿನೋ ಮುಟ್ಟದಿರೋದು ಅದರ ಗುಣ. ನಮ್ಮನ್ನ ಮುಟ್ಟದಿರೋದು ಅವರ ಗುಣ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಜಾತಿಯೂ ಪ್ರಕೃತಿ ಮಾಡಿದ್ದು ಅಂದಂಗಾಗುತ್ತೆ. ಅದನ್ನ ಹೇಳೋಕೆ ಬೇರೆಯವರು ಸಾಕಷ್ಟು ಜನ ಇದ್ದಾರೆ.

ಸರಿ, ಯಾವುದನ್ನೂ ಮುಟ್ಟದ ಈ ಕಣವನ್ನ ಹಿಡಿಯೋಕೆ ನೆಲದ ಕೆಳಗೆ ಯಾಕೆ ಹೋಗಬೇಕು? ಮಾವನಿಗೂ ಇದೇ ಅನುಮಾನ ಬಂದಿತ್ತಂತೆ. ಅವರ ಮಾತಲ್ಲೇ ಕೇಳಿ: "ಕನ್ನಡಕ ಹಾಕಿದ್ದ ಒಬ್ಬ ಹುಡುಗ ಇದ್ದ, ಬಾಂಬೆಯಿಂದ ಬಂದೋನು. ಏನಪ್ಪಾ ಹುಡುಕ್ತಾ ಇದೀರ ಅಂದೆ. ಆಕಾಶದಿಂದ ಬರೋ ಒಂದು ಸಾಮಾನು ಅಂದ. ಆಕಾಶದಿಂದ ಬರೋದನ್ನ ಹಿಡಿಯೋಕೆ ಪಾತಾಳಕ್ಕೆ ಯಾಕೆ ಬಂದ್ರಿ ಅಂದೆ. ಮೇಲೆ ಗಲಾಟೆ ಜಾಸ್ತಿ ಅಂದ. ಅದು ಸರಿ ಅನ್ನಿಸ್ತು."

ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಬಾಹ್ಯಾಕಾಶದಿಂದ ಬರೋ ಕಣಗಳು ನಮ್ಮ ಗಾಳಿಗೆ ಬಡಿದು ಮ್ಯುಯಾನ್ ಅನ್ನೋ ಕಣಗಳ ಮಳೆ ಸುರಿಸ್ತವೆ. ಅಂಗೈ ಚಾಚಿದರೆ ಸೆಕೆಂಡಿಗೆ ಒಂದರಂತೆ ತೂರಿ ಹೋಗ್ತವೆ. ಆ ಗದ್ದಲದಲ್ಲಿ ನ್ಯೂಟ್ರಿನೋ ಹುಡುಕೋದು ಅಂದರೆ ಜಾತ್ರೆಯ ತಮಟೆ ನಡುವೆ ಇರುವೆ ನಡೆದ ಸದ್ದು ಕೇಳಿಸಿಕೊಂಡಂಗೆ. ಮ್ಯುಯಾನನ್ನ ತಡೆಯೋಕೆ ದಪ್ಪ ಬಂಡೆ ಬೇಕು. ಬಂಡೆ ಮ್ಯುಯಾನನ್ನ ನಿಲ್ಲಿಸುತ್ತೆ, ನ್ಯೂಟ್ರಿನೋವನ್ನ ಬಿಡುತ್ತೆ. ಅಂಥ ಆಳ ಅಗೆದು ಇಟ್ಟಿದ್ದ ಜಾಗ ಇಂಡಿಯಾದಲ್ಲಿ ಕೆಜಿಎಫ್. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ತಳದ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು.

1951ರಿಂದಲೇ ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಇಲ್ಲಿ ಬೇರೆ ಬೇರೆ ಆಳಕ್ಕೆ ಉಪಕರಣ ಇಳಿಸಿ ಮ್ಯುಯಾನ್ ಎಣಿಸೋಕೆ ಶುರು ಮಾಡಿದ್ದರು. ಆ ಕೆಲಸ ಹಚ್ಚಿಕೊಂಡವರು ಬಿ.ವಿ. ಶ್ರೀಕಂಠನ್, ಹುಟ್ಟಿದ್ದು ನಂಜನಗೂಡು. ಹೆಸರಿನ ಮೊದಲ ಅಕ್ಷರ ಬಿ ಅಂದರೆ ಬದನವಾಳು. ಓದ್ತಾ ಓದ್ತಾ ಅಲ್ಲಿ ಒಂದು ನಿಮಿಷ ನಿಂತುಬಿಟ್ಟೆ. ನಮಗೆ ಬದನವಾಳು ಅಂದರೆ 1993, ದೇವಸ್ಥಾನದ ಜಗಳದಲ್ಲಿ ಕೊಲೆಯಾದ ನಮ್ಮ ಮೂವರು. ಅದಕ್ಕೂ ಆ ವಿಜ್ಞಾನಿಗೂ ಏನೇನೂ ಸಂಬಂಧ ಇಲ್ಲ, ಅವರು ದೊಡ್ಡ ಕೆಲಸ ಮಾಡಿದವರು. ಆದರೂ ಒಂದೇ ಊರಿನ ಹೆಸರು ಒಬ್ಬರಿಗೆ ಇನಿಷಿಯಲ್ಲು, ಇನ್ನೊಬ್ಬರಿಗೆ ಹುತಾತ್ಮರ ದಿನ.

ಅರವತ್ತರ ದಶಕದ ಶುರುವಿಗೆ 9,000 ಅಡಿಗೂ ಕೆಳಗೆ ಇಟ್ಟ ಉಪಕರಣದಲ್ಲಿ ಎರಡು ತಿಂಗಳಾದರೂ ಒಂದು ಮ್ಯುಯಾನೂ ಬರಲಿಲ್ಲ. ಪೂರ್ತಿ ನಿಶ್ಶಬ್ದ. ವಿಜ್ಞಾನಿಗಳಿಗೆ ಬೇಕಾಗಿದ್ದದ್ದೂ ಅದೇ. ಬಾಂಬೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಂ, ಮೂರೂ ಕಡೆಯವರು ಸೇರಿ 7,600 ಅಡಿ ಆಳದಲ್ಲಿ ಡಿಟೆಕ್ಟರ್‌ಗಳನ್ನ ಗೋಡೆಯ ಥರ ನಿಲ್ಲಿಸಿದರು. ಅಷ್ಟು ಆಳಕ್ಕೂ ಬರೋ ಅಲ್ಪಸ್ವಲ್ಪ ಮ್ಯುಯಾನ್ ನೆತ್ತಿಯ ಮೇಲಿಂದ ನೆಟ್ಟಗೆ ಇಳಿಯುತ್ತೆ. ಅಡ್ಡಡ್ಡ ಬಂದರೆ ಅದು ಭೂಮಿ ತೂರಿ ಬಂದ ನ್ಯೂಟ್ರಿನೋ ಪಕ್ಕದ ಬಂಡೆಗೆ ಬಡಿದು ಹುಟ್ಟಿಸಿದ್ದು. 1965ರಲ್ಲಿ ಅಂಥ ಅಡ್ಡಗೆರೆಗಳು ಸಿಕ್ಕವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋವನ್ನ ಮನುಷ್ಯರು ಮೊದಲು ಕಂಡದ್ದು ಹೀಗೆ. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಪಕ್ಕದ ಇನ್ನೊಂದು ಚಿನ್ನದ ಗಣಿಯಲ್ಲಿ ಅಮೆರಿಕದ ರೈನ್ಸ್ ಅವರ ತಂಡಕ್ಕೂ ಸಿಕ್ಕಿತು. ಅವರಿಗೆ ಗೆರೆ ಕಂಡದ್ದು ಮೊದಲು, ಫೆಬ್ರವರಿಯಲ್ಲೇ. ಅಚ್ಚಾಗಿದ್ದು ಕೆಜಿಎಫ್‌ನದು ಮೊದಲು, ಆಗಸ್ಟ್‌ನಲ್ಲಿ, ಎರಡು ವಾರದ ಅಂತರ.

ಎರಡೂ ಚಿನ್ನದ ಗಣಿ. ಒಂದರಲ್ಲಿ ವರ್ಣಭೇದದ ಕಾನೂನು: ಕೌಶಲದ ಕೆಲಸ ಬಿಳಿಯರಿಗೆ, ಅಗೆಯೋದು ಹೊರೋದು ಕರಿಯರಿಗೆ. ಇನ್ನೊಂದರಲ್ಲಿ ಕಾನೂನು ಬರೆಯೋ ಅಗತ್ಯವೇ ಇರಲಿಲ್ಲ, ಜಾತಿ ಇತ್ತು. ಕೆಜಿಎಫ್‌ನಲ್ಲಿ ಕೆಳಗಿಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟ್ ಕಡೆಯಿಂದ ಬಂದ ಆದಿ ದ್ರಾವಿಡರು. ಇದು ಸುಮ್ಮನೆ ಹೊರೆ ಹೊತ್ತ ಜನರ ಊರಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ನೂರು ವರ್ಷಕ್ಕೂ ಹಿಂದೆ ಅಯೋತಿ ದಾಸ್ ಪಂಡಿತರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದ ಊರು. ರಿಪಬ್ಲಿಕನ್ ಪಕ್ಷದ ಶಾಸಕರನ್ನ ಗೆಲ್ಲಿಸಿದ ಊರು.

1965ರ ಆ ಲೇಖನದ ಮೇಲೆ 11 ಹೆಸರಿವೆ. ಐದು ಇಂಡಿಯಾದವರು, ಇಬ್ಬರು ಜಪಾನಿನವರು, ನಾಲ್ವರು ಇಂಗ್ಲೆಂಡಿನವರು. ಅವರ ಶ್ರಮಕ್ಕೆ ನನ್ನ ಸಲಾಮು, ವ್ಯಂಗ್ಯ ಇಲ್ಲ. ಆ ಸೆಕೆಯಲ್ಲಿ ಅವರೂ ಬೆವರಿದ್ದಾರೆ. ಆದರೆ ಸುರಂಗ ಅಗೆದವರು, ಕೇಜ್ ಓಡಿಸಿದವರು, ಸೀಸ ಕಬ್ಬಿಣ ಇಳಿಸಿದವರು, ನೀರು ಪಂಪ್ ಮಾಡಿದವರು, ಗಾಳಿ ಬಿಟ್ಟವರು? ವಿಜ್ಞಾನದ ಪೇಪರಿನಲ್ಲಿ ಅವರಿಗೆ ಕಾಲಂ ಇರೋದಿಲ್ಲ. ಇಲ್ಲಿ ಮಾತ್ರ ಅಲ್ಲ, ಜಗತ್ತಿನ ಯಾವ ಕಡೆಯೂ ಇರೋದಿಲ್ಲ.

ಕಾಲಂ ಅಂದೆ. ಅದರ ಬಗ್ಗೆ ಒಂದು ದೊಡ್ಡ ಕತೆಯೇ ಇದೆ. ನಾನು ಗುಮಾಸ್ತ, ರಿಜಿಸ್ಟರ್ ಬರೆಯೋನು, ಅದಕ್ಕೇ ನನಗೆ ಇದು ತುಂಬ ಹಿಡಿಸಿತು.

ಅಮೆರಿಕದ ಸೌತ್ ಡಕೋಟಾದಲ್ಲಿ ಹೋಮ್‌ಸ್ಟೇಕ್ ಅಂತ ಮತ್ತೊಂದು ಚಿನ್ನದ ಗಣಿ. ರೇ ಡೇವಿಸ್ ಅನ್ನೋರು ಅರವತ್ತರ ದಶಕದಲ್ಲಿ ಅದರೊಳಗೆ 1,478 ಮೀಟರ್ ಕೆಳಗೆ, ಡ್ರೈ ಕ್ಲೀನಿಂಗಿಗೆ ಬಳಸೋ ದ್ರವ 600 ಟನ್ನಿಗೂ ಹೆಚ್ಚು ತುಂಬಿದ ಟ್ಯಾಂಕ್ ಇಟ್ಟು ಸೂರ್ಯನ ನ್ಯೂಟ್ರಿನೋ ಎಣಿಸಿದರು. ಲೆಕ್ಕದ ಪ್ರಕಾರ ಬರಬೇಕಾದದ್ದರ ಮೂರನೇ ಒಂದು ಭಾಗ ಮಾತ್ರ ಬಂತು. ವರ್ಷ ವರ್ಷವೂ ಅಷ್ಟೇ. ಡೇವಿಸ್ ಎಣಿಸಿದ್ದು ತಪ್ಪು ಅಂದರು ಕೆಲವರು. ಸೂರ್ಯನ ಲೆಕ್ಕ ಹಾಕಿದ್ದೇ ತಪ್ಪು ಅಂದರು ಇನ್ನು ಕೆಲವರು. ಮೂವತ್ತು ವರ್ಷ ಈ ಜಗಳ ನಡೆಯಿತು.

ಎರಡೂ ತಪ್ಪಿರಲಿಲ್ಲ. ನ್ಯೂಟ್ರಿನೋದಲ್ಲಿ ಮೂರು ಬಗೆ: ಎಲೆಕ್ಟ್ರಾನ್ ನ್ಯೂಟ್ರಿನೋ, ಮ್ಯುಯಾನ್ ನ್ಯೂಟ್ರಿನೋ, ಟೌ ನ್ಯೂಟ್ರಿನೋ. ಸೂರ್ಯನಿಂದ ಹೊರಡುವಾಗ ಎಲ್ಲವೂ ಎಲೆಕ್ಟ್ರಾನ್ ಬಗೆಯವೇ. ದಾರಿಯಲ್ಲಿ ಬಗೆ ಬದಲಾಯಿಸಿಕೊಳ್ತವೆ. ನಮ್ಮ ಹುಡುಗರು ಊರಲ್ಲಿ ಒಂದು ಹೆಸರು ಹೇಳಿ, ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳುವಾಗ ಇನ್ನೊಂದು ಹೇಳ್ತಾರಲ್ಲ, ಹಾಗೆ. ಹೊರಟವನೂ ಬಂದವನೂ ಒಬ್ಬನೇ. ಡೇವಿಸ್ ಅವರ ಟ್ಯಾಂಕಿಗೆ ಗುರುತು ಸಿಗ್ತಿದ್ದದ್ದು ಎಲೆಕ್ಟ್ರಾನ್ ಬಗೆ ಮಾತ್ರ. ಅಂದರೆ ಅವರ ರಿಜಿಸ್ಟರಿನಲ್ಲಿ ಒಂದೇ ಕಾಲಂ. ಮಿಕ್ಕ ಎರಡು ಪಾಲು ಕಳೆದುಹೋಗಿರಲಿಲ್ಲ, ಅವುಗಳನ್ನ ಬರೆದುಕೊಳ್ಳೋ ಜಾಗ ಇರಲಿಲ್ಲ.

1998ರಲ್ಲಿ ಜಪಾನಿನ ಸೂಪರ್ ಕಮಿಯೋಕಾಂಡೆ ಇದಕ್ಕೆ ಬಲವಾದ ಸಾಕ್ಷಿ ಕೊಟ್ಟಿತು. ಒಂದು ಕಿಲೋಮೀಟರ್ ಆಳ, 50,000 ಟನ್ ಶುದ್ಧ ನೀರು. ಅವರು ನೋಡಿದ್ದು ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ, ಕೆಜಿಎಫ್‌ನಲ್ಲಿ ಮೊದಲು ಕಂಡ ಅದೇ ಜಾತಿ. (ಜಾತಿ ಅಂದುಬಿಟ್ಟೆ. ಇರಲಿ ಬಿಡಿ.) ಆಮೇಲೆ ಕೆನಡಾದ ಸಡ್‌ಬರಿಯ ನಿಕ್ಕಲ್ ಗಣಿಯಲ್ಲಿ ಎರಡು ಕಿಲೋಮೀಟರಿಗಿಂತ ಕೆಳಗೆ 1,000 ಟನ್ ಭಾರಜಲ ಇಟ್ಟು ಮೂರೂ ಬಗೆಯನ್ನ ಒಟ್ಟಿಗೆ ಎಣಿಸಿದರು. 2002ಕ್ಕೆ ಲೆಕ್ಕ ತಾಳೆಯಾಯಿತು. ಸೂರ್ಯನ ಲೆಕ್ಕ ಸರಿ, ಡೇವಿಸ್ ಎಣಿಕೆಯೂ ಸರಿ. ಅದೇ ವರ್ಷ ಡೇವಿಸ್ ಅವರಿಗೆ ನೊಬೆಲ್ ಬಂತು, ಆಗ ಅವರಿಗೆ 88. 2015ರಲ್ಲಿ ಜಪಾನಿನ ಕಜಿತಾ ಮತ್ತು ಕೆನಡಾದ ಮೆಕ್‌ಡೊನಾಲ್ಡ್ ಅವರಿಗೆ.

ಇದನ್ನ ಓದುವಾಗ 2025ರ ಒಳಮೀಸಲಾತಿ ಸಮೀಕ್ಷೆ ನೆನಪಾಗದೆ ಇರುತ್ತಾ? 101 ಜಾತಿಗಳ ಪಟ್ಟಿ ಹಿಡಿದು ಮನೆಮನೆಗೆ ಬಂದರು. ಎಕೆ, ಎಡಿ, ಎಎ ಅಂತ ತಲೆಮಾರುಗಳಿಂದ ಬರೆಸಿಕೊಂಡವರನ್ನ ಯಾವ ಕಾಲಂಗೆ ಹಾಕೋದು ಅಂತ ಎಷ್ಟು ಜಗಳ ಆಯ್ತು. ನಮ್ಮ ನಮ್ಮಲ್ಲೇ ಮಾತು ಬಿಟ್ಟವರಿದ್ದಾರೆ. ಎಣಿಸಿದ ಸಂಖ್ಯೆ ಕಮ್ಮಿ ಬಂತು ಅಂದ ತಕ್ಷಣ ಜನವೇ ಕಮ್ಮಿ ಅಂತ ಹೇಳೋರು ಈ ಕತೆ ಒಂದ್ಸಲ ಓದಬೇಕು.

ಈಗ ಹೊಸ ಸುದ್ದಿಗೆ ಬರ್ತೀನಿ. ಬಗೆ ಬದಲಾಗಬೇಕಾದರೆ ಅವುಗಳ ತೂಕದಲ್ಲಿ ವ್ಯತ್ಯಾಸ ಇರಲೇಬೇಕು. ಅಂದರೆ ತೂಕ ಇದೆ. ಎಷ್ಟು? ಯಾವುದು ಹೆಚ್ಚು, ಯಾವುದು ಕಮ್ಮಿ? ಇವತ್ತು ಜಗತ್ತಿನ ದೊಡ್ಡ ಪ್ರಯೋಗಗಳು ಇದರ ಹಿಂದೆ ಬಿದ್ದಿವೆ.

ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕಾಟ್ರಿನ್ ಅಂತ ಒಂದು ತಕ್ಕಡಿ ಇದೆ. ಅದರ 200 ಟನ್ನಿನ ಉಕ್ಕಿನ ಪಾತ್ರೆಯನ್ನ 2006ರಲ್ಲಿ ತಂದರು. ತಯಾರಾದ ಊರಿಗೂ ಅಲ್ಲಿಗೂ ಸುಮಾರು 400 ಕಿಲೋಮೀಟರ್, ಆದರೆ ರಸ್ತೆಯಲ್ಲಿ ಹಿಡಿಸೋದಿಲ್ಲ. ಅದಕ್ಕೆ ನದಿಗೆ ಇಳಿಸಿ, ಸಮುದ್ರಕ್ಕೆ ಹಾಕಿ, ಯುರೋಪನ್ನೇ ಸುತ್ತು ಹೊಡೆಸಿ, ಸುಮಾರು 9,000 ಕಿಲೋಮೀಟರ್ ತಿರುಗಿಸಿ ತಂದರು. ಊರ ಬೀದಿಯಲ್ಲಿ ಮನೆಗಳ ಸೂರಿಗೆ ಇನ್ನೇನು ತಗುಲುತ್ತೆ ಅನ್ನೋ ಹಾಗೆ ಹೋಗ್ತಿರೋ ಫೋಟೋ ಇದೆ, ನಮ್ಮೂರ ತೇರು ಅದರ ಮುಂದೆ ಏನೂ ಅಲ್ಲ. ತೂಗೋ ಕ್ರಮ ಗುಮಾಸ್ತನಿಗೆ ಅರ್ಥವಾಗೋ ಅಂಥದ್ದೇ. ಟ್ರಿಟಿಯಂ ಅನ್ನೋ ಹೈಡ್ರೋಜನ್ ಐಸೊಟೋಪು ಒಡೆದಾಗ ಬಿಡುಗಡೆಯಾಗೋ ಒಟ್ಟು ಶಕ್ತಿ ಗೊತ್ತು. ಅದನ್ನ ಎಲೆಕ್ಟ್ರಾನು, ನ್ಯೂಟ್ರಿನೋ ಹಂಚಿಕೊಳ್ತವೆ. ಎಲೆಕ್ಟ್ರಾನ್ ಹೆಚ್ಚೆಂದರೆ ಎಷ್ಟು ಎತ್ತಿಕೊಂಡಿತು ಅಂತ ನೋಡಿದರೆ, ಯಾವಾಗಲೂ ಕೈಗೆ ಸಿಗದೆ ಉಳಿಯೋ ಚಿಲ್ಲರೆ ನ್ಯೂಟ್ರಿನೋದ ತೂಕ. 259 ದಿನ ಅಳೆದ ಲೆಕ್ಕವನ್ನ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು: 0.45 ಎಲೆಕ್ಟ್ರಾನ್ ವೋಲ್ಟಿಗಿಂತ ಕಮ್ಮಿ. ಎಲೆಕ್ಟ್ರಾನಿನದು 5,11,000. ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ. ತೂಕ ಇಂತಿಷ್ಟೇ ಅಂತ ಇನ್ನೂ ಸಿಕ್ಕಿಲ್ಲ, ಇಷ್ಟಕ್ಕಿಂತ ಹೆಚ್ಚಿಲ್ಲ ಅನ್ನೋದು ಸಿಕ್ಕಿದೆ.

ಮಗಳು ತೋರಿಸಿದ ಚೀನಾದ ಗೋಳದ ಹೆಸರು ಜೂನೋ. ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ 700 ಮೀಟರ್ ಕೆಳಗೆ. 35.4 ಮೀಟರ್ ಅಗಲದ ಅಕ್ರಿಲಿಕ್ ಗೋಳ, ಒಳಗೆ 20,000 ಟನ್ ಎಣ್ಣೆಯಂಥ ದ್ರವ. 53 ಕಿಲೋಮೀಟರ್ ದೂರದ ಎರಡು ಅಣು ವಿದ್ಯುತ್ ಸ್ಥಾವರಗಳಿಂದ ಹೊರಡೋ ಆಂಟಿನ್ಯೂಟ್ರಿನೋಗಳಲ್ಲಿ ಒಂದೊಂದು ಆ ದ್ರವಕ್ಕೆ ಬಡಿದಾಗ ಒಂದು ಮಿಂಚು ಹೊಳೆಯುತ್ತೆ. ಸೆಕೆಂಡಿನ ಸಾವಿರದ ಒಂದು ಭಾಗ ಕಳೆಯೋದರೊಳಗೆ ಇನ್ನೊಂದು ಮಿಂಚು. ಎರಡೂ ಬಂದರೇನೇ ಲೆಕ್ಕಕ್ಕೆ. ನಮ್ಮ ಆಫೀಸಿನಲ್ಲಿ ಗುಮಾಸ್ತನ ಸಹಿ ಸಾಲದು, ಮೇಲುರುಜು ಬೇಕು ಅಂತಾರಲ್ಲ, ಅದೇ ಪದ್ಧತಿ. ಅಷ್ಟು ದೊಡ್ಡ ಗೋಳದಲ್ಲಿ ಹೀಗೆ ಮೇಲುರುಜು ಆಗಿ ಸಿಗೋದು ದಿನಕ್ಕೆ ನೂರೂ ಇಲ್ಲ. ಆಗಸ್ಟ್ 26ರಿಂದ ದಾಖಲೆ ಶುರು ಮಾಡಿ, ಬರೀ 59 ದಿನದ ಲೆಕ್ಕದಲ್ಲಿ, ಬಗೆ ಬದಲಾವಣೆಗೆ ಸಂಬಂಧಪಟ್ಟ ಎರಡು ಸಂಖ್ಯೆಗಳನ್ನ ಇಲ್ಲಿಯವರೆಗಿನ ಎಲ್ಲ ಪ್ರಯೋಗ ಸೇರಿಸಿದರೂ ಇದ್ದ ನಿಖರತೆಗಿಂತ 1.6 ಪಟ್ಟು ನಿಖರವಾಗಿ ಅಳೆದಿದ್ದಾರೆ. ನವೆಂಬರ್‌ನಲ್ಲಿ ಹೇಳಿದ್ದು ಇದನ್ನ. ಮೂರರಲ್ಲಿ ಯಾವುದು ಭಾರ ಅನ್ನೋದನ್ನ ತಿಳಿಯೋಕೆ ಇನ್ನೂ ಕೆಲವು ವರ್ಷ ಎಣಿಸಬೇಕು.

ಇನ್ನೊಂದು, ಡ್ಯೂನ್. ಇದು ಬರ್ತಿರೋದು ಡೇವಿಸ್ ಎಣಿಸಿದ ಅದೇ ಹೋಮ್‌ಸ್ಟೇಕ್ ಗಣಿಯಲ್ಲಿ. ಗಣಿ 2002ಕ್ಕೆ ಮುಚ್ಚಿತು, ಆಮೇಲೆ ಅದನ್ನ ಪ್ರಯೋಗಶಾಲೆ ಮಾಡಿದರು. ಸುಮಾರು 8 ಲಕ್ಷ ಟನ್ ಬಂಡೆ ತೆಗೆದು ಗುಹೆ ಕೊರೆಯೋದು 2024ರ ಫೆಬ್ರವರಿಗೆ ಮುಗಿಯಿತು. ಶಿಕಾಗೋ ಪಕ್ಕದಿಂದ 1,300 ಕಿಲೋಮೀಟರ್ ನೆಲದೊಳಗೇ ನ್ಯೂಟ್ರಿನೋ ಕಳಿಸಿ ಇಲ್ಲಿ ಹಿಡಿಯೋ ಯೋಜನೆ. ನ್ಯೂಟ್ರಿನೋ, ಆಂಟಿನ್ಯೂಟ್ರಿನೋ ಎರಡೂ ಒಂದೇ ಥರ ಬದಲಾಗ್ತವಾ, ಬೇರೆ ಥರವಾ ಅಂತ ನೋಡಬೇಕಂತೆ. ಈ ಜಗತ್ತಿನಲ್ಲಿ ವಸ್ತು ಅನ್ನೋದು ಯಾಕೆ ಉಳಿಯಿತು ಅನ್ನೋ ಪ್ರಶ್ನೆಗೆ ಅಲ್ಲಿ ಸುಳಿವು ಸಿಗಬಹುದು ಅಂತಾರೆ.

ಆ ಗಣಿ ಇರೋ ಕಪ್ಪು ಬೆಟ್ಟಗಳು ಯಾರವು ಗೊತ್ತಾ? ಲಕೋಟಾ ಜನರವು. 1868ರ ಒಪ್ಪಂದದಲ್ಲಿ ಅಮೆರಿಕ ಸರ್ಕಾರವೇ ನಿಮ್ಮದು ಅಂತ ಬರೆದುಕೊಟ್ಟಿತ್ತು. ಚಿನ್ನ ಕಂಡಿತು, 1877ರಲ್ಲಿ ಕಿತ್ತುಕೊಂಡರು. 1980ರಲ್ಲಿ ಅವರ ಸುಪ್ರೀಂ ಕೋರ್ಟೇ ಪರಿಹಾರ ಕೊಡಿ ಅಂದಿತು. ದುಡ್ಡು ಬೇಡ, ಬೆಟ್ಟ ಕೊಡಿ ಅಂತ ಅವರು ಇವತ್ತಿಗೂ ಆ ಹಣ ಮುಟ್ಟಿಲ್ಲ. ಜಪಾನಿನ ಕಮಿಯೋಕಾ ಗಣಿಯಿಂದ ಹರಿದ ಕ್ಯಾಡ್ಮಿಯಂ ವಿಷ ಜಿಂಜು ನದಿಗೆ ಸೇರಿ, ಕೆಳಗಿನ ಹಳ್ಳಿಗಳ ಗದ್ದೆಗೆ ಹೋಗಿ, ಹೆಚ್ಚಾಗಿ ಹೆಂಗಸರ ಮೂಳೆಗಳೇ ಮುರಿದವು. ಆ ಕಾಯಿಲೆಗೆ ಇಟಾಯಿ ಇಟಾಯಿ ಅಂತ ಹೆಸರು. ನೋವು ನೋವು ಅಂತ ಕೂಗ್ತಿದ್ದದ್ದೇ ಹೆಸರಾಯಿತು. ನೊಬೆಲ್ ತಂದ ನೀರಿನ ಟ್ಯಾಂಕು ಇರೋದು ಅದೇ ಗಣಿಯ ಬೆಟ್ಟದೊಳಗೆ. ಈ ವಿಷ ವಿಜ್ಞಾನಿಗಳು ಹಾಕಿದ್ದಲ್ಲ. ಅವರು ಬರೋ ಮೊದಲೇ ಆಗಿದ್ದು. ಆದರೆ ತಯಾರಾದ ಗುಂಡಿ ಸಿಕ್ಕಿದಾಗ ಗುಂಡಿ ಯಾರು ತೋಡಿದರು ಅನ್ನೋದು ಕತೆಯಿಂದ ಬಿಟ್ಟುಹೋಗುತ್ತೆ.

ತಮಿಳುನಾಡಿನ ಥೇಣಿಯಲ್ಲಿ ನಮ್ಮ ದೇಶದ್ದೇ ಒಂದು ನ್ಯೂಟ್ರಿನೋ ಪ್ರಯೋಗಶಾಲೆ ಆಗಬೇಕಿತ್ತು. 50,000 ಟನ್ ಕಬ್ಬಿಣದ ಡಿಟೆಕ್ಟರ್. 2015ರಲ್ಲಿ ಕೇಂದ್ರ ಸಂಪುಟ ಒಪ್ಪಿತು, ಊರಿನವರು ಒಪ್ಪಲಿಲ್ಲ, ನಿಂತುಹೋಗಿದೆ. ಆಗ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ನ್ಯೂಟ್ರಿನೋದಿಂದ ಕ್ಯಾನ್ಸರ್ ಬರುತ್ತೆ ಅಂತ ಓಡಾಡಿತ್ತು. ನಾನೂ ಒಂದು ಫಾರ್ವರ್ಡ್ ಮಾಡಿದ್ದೆ, ಈಗ ಒಪ್ಪಿಕೊಳ್ತೀನಿ. ಅದು ಸುಳ್ಳು. ಇದನ್ನ ಓದ್ತಿರೋ ಹೊತ್ತಿಗೆ ನಿಮ್ಮ ಮೈಯೊಳಗೆ ಎಷ್ಟು ಹಾದು ಹೋದವು ಅಂತ ಮೇಲೆ ಹೇಳಿದ್ದೀನಲ್ಲ. ಆದರೆ ನಮ್ಮ ಬೆಟ್ಟ ಕೊರೆಯೋ ಮೊದಲು ನಮ್ಮನ್ನ ಯಾಕೆ ಕೇಳಲಿಲ್ಲ, ನೀರಿನ ಗತಿ ಏನು ಅಂತ ಕೇಳಿದ್ದು ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹೇಳೋ ಧೈರ್ಯ ನಮ್ಮ ಚಳವಳಿಗೆ ಬರಬೇಕು. ವಿಜ್ಞಾನ ಅವರದ್ದು, ಅನುಮಾನ ನಮ್ಮದು ಅಂತ ಹಂಚಿಕೊಂಡು ಕೂತರೆ ಆ ಮೇಷ್ಟ್ರ ಪೆನ್ನಿನ ಗೀಟನ್ನ ನಾವೇ ಇನ್ನೊಂದ್ಸಲ ಎಳೆದಂಗೆ.

ಮಾವ ಇಳಿಸಿದ ಕಬ್ಬಿಣದ ವಿಷಯ. ಅದು ನ್ಯೂಟ್ರಿನೋಗಲ್ಲ, ಪ್ರೋಟಾನ್ ಸಾಯುತ್ತಾ ಅಂತ ನೋಡೋಕೆ. ಅದೇ 7,600 ಅಡಿಯಲ್ಲಿ, 1980ರಲ್ಲಿ, 140 ಟನ್ ಡಿಟೆಕ್ಟರ್. ಕಬ್ಬಿಣದ ಹಲಗೆ ಒಂದು ಪದರ, ಕೊಳವೆ ಒಂದು ಪದರ, ಹೀಗೆ. ಪ್ರೋಟಾನಿನ ಸಾವು ಹುಡುಕೋಕೆ ಅಂತಲೇ ಕಟ್ಟಿದ ಮೊದಲ ಪ್ರಯೋಗ ಜಗತ್ತಿನಲ್ಲಿ ಇದೇ. ಜಪಾನಿನವರು ಕಮಿಯೋಕಾದಲ್ಲಿ ಶುರು ಮಾಡಿದ್ದು 1983ಕ್ಕೆ. ಪ್ರೋಟಾನ್ ಸಾಯೋದನ್ನ ಇವತ್ತಿನವರೆಗೂ ಯಾರೂ ಖಚಿತವಾಗಿ ಕಂಡಿಲ್ಲ. ಸತ್ತರೂ ಒಂದರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಕ್ಕಿಂತ ಮುಂಚೆ ಅಲ್ಲ ಅನ್ನೋ ಹಂತಕ್ಕೆ ಸೂಪರ್ ಕಮಿಯೋಕಾಂಡೆ ಬಂದಿದೆ. ಕೆಜಿಎಫ್‌ನ ಪ್ರಯೋಗಗಳು ತೊಂಬತ್ತರ ದಶಕದ ಆರಂಭಕ್ಕೆ ಮುಗಿದವು. ಗಣಿ ಮುಚ್ಚಿತು, ಪಂಪು ನಿಂತವು, ನೀರು ತುಂಬಿತು. ಆ ಜಾಗ ಈಗ ನೀರೊಳಗಿದೆ. ಮೇಲೆ ಸೈನೈಡ್ ದಿಬ್ಬ, ಗಾಳಿ ಬಂದರೆ ಧೂಳು.

ಕಳೆದ ಭಾನುವಾರ ಮತ್ತೆ ಹೋದೆವು. ಈ ಸಲ ಇದಕ್ಕೆಂದೇ. ಮಗಳು ನೋಟ್‌ಬುಕ್ ತಂದಿದ್ದಳು. ಜೂನೋ ವಿಷಯ ಪೂರ್ತಿ ತಾತನಿಗೆ ವಿವರಿಸಿದಳು, ನನಗಿಂತ ಚೆನ್ನಾಗಿ. ಎಲ್ಲ ಕೇಳಿ ಮಾವ ಒಂದೇ ಪ್ರಶ್ನೆ ಹಾಕಿದರು: "ಎಲ್ಲಾ ಸರಿ ಕಣಮ್ಮ, ಅಲ್ಲಿ ನೀರು ಹೆಂಗೆ?"

ಅವಳಿಗೆ ಗೊತ್ತಿರಲಿಲ್ಲ. ಅಲ್ಲೇ ಹುಡುಕಿ ಓದಿದಳು. ಜೂನೋ ಕಟ್ಟೋದು ವರ್ಷಗಟ್ಟಲೆ ತಡವಾಗಿದ್ದೇ ಬಂಡೆಯಿಂದ ನುಗ್ಗಿದ ನೀರಿನಿಂದ. ಸುರಂಗ ಅಗೆದಷ್ಟೂ ನೀರು, ಪಂಪ್ ಮಾಡಿದಷ್ಟೂ ನೀರು. ಮಾವ ತಲೆ ಆಡಿಸಿದರು. "ಬರ್ದೆ ಇರುತ್ತಾ" ಅಂದರು.

ಆಮೇಲೆ 1980ರಲ್ಲಿ ಆ ಕಬ್ಬಿಣ ಇಳಿಸಿದ ಶಿಫ್ಟಿನಲ್ಲಿ ಯಾರ್ಯಾರಿದ್ದರು ಅಂತ ಅವಳು ಕೇಳಿದಳು. ಮಾವ ಬೆರಳು ಮಡಚಿ ಹೇಳ್ತಾ ಹೋದರು, ಅವಳು ಬರೆದುಕೊಂಡಳು. ಹೆಸರು, ಯಾವ ಲೈನು, ಏನು ಕೆಲಸ, ಇದ್ದಾರಾ ಇಲ್ವಾ. ಹದಿಮೂರು ಆಯಿತು. ಹದಿನಾಲ್ಕನೆಯವರಿಗೆ ನಿಂತರು. ಕಣ್ಣು ಮುಚ್ಚಿ ಕೂತರು, ಅತ್ತೆಯನ್ನ ಕರೆದು ಕೇಳಿದರು, ಅವರಿಗೂ ನೆನಪಾಗಲಿಲ್ಲ. "ಎತ್ತರ ಇದ್ದ. ಒಳ್ಳೆ ಹಾಡ್ತಿದ್ದ. ಹೆಸರು ಬರ್ತಿಲ್ಲ ಮಾಪ್ಳೆ. ಟೋಕನ್ ನಂಬರ್ ಬೇಕಾದ್ರೆ ಬರ್ಕೊಳ್ಳಿ, ಅದು ನೆನಪಿದೆ" ಅಂದರು.

ಬರೆದುಕೊಂಡಿದ್ದೀವಿ. ಕೆಜಿಎಫ್‌ನ ಗಣಿಯೊಳಗೆ ಈ ಪ್ರಯೋಗಗಳಿಗೆ ಕೆಲಸ ಮಾಡಿದವರು, ಸಾಮಾನು ಸಾಗಿಸಿದವರು, ಕೇಜ್ ಓಡಿಸಿದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಎಲ್ಲರಿಗೂ ಎಪ್ಪತ್ತು ದಾಟಿದೆ. ಜನವರಿ ಮೊದಲ ಭಾನುವಾರ ನಾನೂ ಮಗಳೂ ಮಾರಿಕುಪ್ಪಂನಲ್ಲಿ ಇರ್ತೀವಿ, ಬೆಳಗ್ಗೆ ಹತ್ತಕ್ಕೆ. ರೆಕಾರ್ಡ್ ಮಾಡೋಕೆ ಒಳ್ಳೆ ಫೋನ್ ಇರೋರು ಒಬ್ಬರು ಬಂದರೆ ಅನುಕೂಲ.